ಏರುವುದು ಗಾಂಜಾನೋ, ನಾವೋ?

"ಗಿಡದಿಂದ ಬಂದದ್ದು ಅಂದಮೇಲೆ ಅಪಾಯ ಎಲ್ಲಿಂದ ಬಂತು?" ಎಂದು ನಾಣಿ ಶುರು ಮಾಡಿದ.

"ದತ್ತೂರಿಯೂ ಗಿಡವೇ. ಹೋಗಿ ಅದನ್ನೂ ಹೊಗಳಿ ಬಾ" ಎಂದಳು ಪದ್ಮಾ. ಅವಳು ಔಷಧಶಾಸ್ತ್ರ ಪಾಠ ಮಾಡುವವಳು. ಅವಳೆದುರು ಗಾಂಜಾದ ಮಾತೆತ್ತಿದರೆ ಎದ್ದು ಹೋಗುವ ದಾರಿಯೇ ಇರುವುದಿಲ್ಲ.

"ಹಸಿ ಎಲೆ ಜಗಿದರೆ ಏರುತ್ತಾ?" ಸುಬ್ಬು ಕೇಳಿದ. ಸುಮ್ನೆ ಜ್ಞಾನಕ್ಕಾಗಿ ಕೇಳಿದ್ದಂತೆ.

"ಅಷ್ಟಾಗಿ ಇಲ್ಲ. ಹಸಿ ಗಿಡದಲ್ಲಿ ಹೆಚ್ಚಾಗಿ ಇರುವುದು ಟಿಎಚ್‌ಸಿ ಆಮ್ಲ. ಬಿಸಿ ತಾಗಿದಾಗ ಅದು ಕಾರ್ಬನ್ ಡೈಆಕ್ಸೈಡ್ ಬಿಟ್ಟು ಟಿಎಚ್‌ಸಿ ಆಗುತ್ತದೆ. ಕಿಕ್ ಕೊಡುವುದು ಅದೇ."

ಆ ಟಿಎಚ್‌ಸಿಯನ್ನು 1964ರಲ್ಲಿ ಬೇರ್ಪಡಿಸಿ ತೋರಿಸಿದವರು ಇಸ್ರೇಲಿನ ರಾಫೆಲ್ ಮೆಶೂಲಮ್ ಮತ್ತು ಯೆಹಿಯೆಲ್ ಗಾವೋನಿ. ಸಂಶೋಧನೆಗೆಂದು ಪೊಲೀಸರೇ ಮೆಶೂಲಮ್‌ಗೆ 5 ಕಿಲೋ ಹಶೀಶ್, ಅಂದರೆ ಚರಸ್, ಕೊಟ್ಟರು. ಆತ ಅದನ್ನು ಚೀಲದಲ್ಲಿಟ್ಟುಕೊಂಡು ಬಸ್ ಹತ್ತಿದ. ಇದೇನು ವಾಸನೆ ಅಂತ ಜನ ಮೂಗರಳಿಸಿದರಂತೆ.

"ಆಮೇಲೆ?"

"ಆಮೇಲೆ ಹೆಂಡತಿ ಕೇಕ್ ಮಾಡಿದಳು. ಗೆಳೆಯರಲ್ಲಿ ಅರ್ಧ ಜನಕ್ಕೆ 10 ಮಿಲಿಗ್ರಾಂ ಟಿಎಚ್‌ಸಿ ಇದ್ದ ಕೇಕ್, ಉಳಿದವರಿಗೆ ಬರೀ ಕೇಕ್. ಒಬ್ಬರು ಏನು ಹೇಳಿದರೂ ನಕ್ಕರು, ಇನ್ನೊಬ್ಬರಿಗೆ ಗಾಬರಿ ಹಿಡಿಯಿತು. ಮತ್ತೊಬ್ಬರು 'ನನಗೇನೂ ಆಗಿಲ್ಲ' ಅಂತ ಹೇಳುತ್ತಾ ಮಾತು ನಿಲ್ಲಿಸಲೇ ಇಲ್ಲ."

ಎಲ್ಲರೂ ಸುಬ್ಬುವನ್ನು ನೋಡಿದೆವು. "ನಾನು ಹುಟ್ಟಿನಿಂದಲೇ ಹೀಗೆ" ಎಂದ.

"ಹಾಗಾದರೆ ನಿನ್ನಿಂದಲೇ ವಿವರಿಸುತ್ತೇನೆ" ಎಂದಳು ಪದ್ಮಾ. "ಒಂದು ನರಕೋಶ ಇನ್ನೊಂದಕ್ಕೆ ರಾಸಾಯನಿಕ ಎಸೆದು ಮಾತಾಡುತ್ತದೆ. ಮಾತು ಜಾಸ್ತಿಯಾದರೆ ಕೇಳುವ ಕೋಶವೇ ಹಿಂದಕ್ಕೊಂದು ಸಂದೇಶ ಕಳಿಸುತ್ತದೆ, ಸಾಕು ಮಾರಾಯ ಅಂತ. ನಾವು ಸುಬ್ಬುವಿಗೆ ಹೇಳುತ್ತೇವಲ್ಲ, ಹಾಗೆ. ಮಾತಾಡುವ ಕೋಶದಲ್ಲಿ ಆ ಸಂದೇಶ ಹಿಡಿಯುವುದು ಸಿಬಿ1 ಗ್ರಾಹಕ. 1988ರಲ್ಲಿ ಅದರ ಸುಳಿವು ಸಿಕ್ಕಿತು. ಸಂದೇಶ ಹೊರುವ ನಮ್ಮದೇ ರಾಸಾಯನಿಕ ಆನಂದಮೈಡ್ ಸಿಕ್ಕಿದ್ದು 1992ರಲ್ಲಿ."

"ಅಂದರೆ ಗಾಂಜಾ ಸೇದದಿದ್ದರೂ ಒಳಗೆ ಸ್ಟಾಕ್ ಇದೆ!" ನಾಣಿಯ ಮುಖ ಅರಳಿತು.

"ಬೇಕಾದ ಕಡೆ, ಬೇಕಾದಷ್ಟು ಹುಟ್ಟಿ ಬೇಗನೆ ಒಡೆದು ಹೋಗುತ್ತದೆ. ಟಿಎಚ್‌ಸಿ ಹಾಗಲ್ಲ. ಅದೇ ಗ್ರಾಹಕಗಳ ಮೇಲೆ ಎಲ್ಲ ಕಡೆ ಒಟ್ಟಿಗೆ ನುಗ್ಗಿ ಗಂಟೆಗಟ್ಟಲೆ ಕೂರುತ್ತದೆ. ಮೆದುಳಲ್ಲಿ ನೆನಪು ನೋಡಿಕೊಳ್ಳುವ ಹಿಪೊಕ್ಯಾಂಪಸ್‌ನಲ್ಲಿ ಕೂತರೆ ಈಗ ಏನು ಹೇಳುತ್ತಿದ್ದೆ ಅನ್ನುವುದೇ ಮರೆತುಹೋಗುತ್ತದೆ. ಕಿರುಮೆದುಳಲ್ಲಿ ಕೂತರೆ ನಡಿಗೆ ತಪ್ಪುತ್ತದೆ. ಹಸಿವು ನೋಡಿಕೊಳ್ಳುವ ಹೈಪೊಥಲಾಮಸ್‌ನಲ್ಲಿ ಕೂತರೆ ಹೊಟ್ಟೆ ತುಂಬಿದ್ದರೂ ಹಸಿವು. ಐದು ನಿಮಿಷ ಅರ್ಧ ಗಂಟೆಯಂತೆ ಕಾಣುತ್ತದೆ. ಅಂಥವನು ಗಾಡಿ ಓಡಿಸಿದರೆ ಬ್ರೇಕ್ ಯಾವಾಗ ಹಾಕುತ್ತಾನೆ ಹೇಳು."

ಉಸಿರಾಟ ನಡೆಸುವ ಮೆದುಳುಕಾಂಡದ ಭಾಗದಲ್ಲಿ ಈ ಗ್ರಾಹಕಗಳು ತೀರ ಕಡಿಮೆ. ಅಫೀಮಿನ ಹಾಗೆ ಉಸಿರು ನಿಲ್ಲಿಸದಿರುವುದು ಅದಕ್ಕೇ. ನಾಣಿ "ನೋಡಿದಿರಾ!" ಅಂತ ಹಾರಿದ. ಹದಿಹರೆಯದಲ್ಲೇ ಶುರುಮಾಡಿ ದಿನಾ ಸೇದುವವರಲ್ಲಿ ಮನೋವಿಕಾರದ ಅಪಾಯ ಹೆಚ್ಚು ಕಂಡುಬಂದಿದೆ ಎಂದು ಪದ್ಮಾ ಅವನನ್ನು ಕೆಳಗಿಳಿಸಿದಳು. ವರ್ಷಗಟ್ಟಲೆ ಸೇದಿದ ಕೆಲವರಿಗೆ ಬಿಡದೆ ವಾಂತಿ ಬರುತ್ತದೆ, ಬಿಸಿನೀರಿನ ಸ್ನಾನ ಮಾಡಿದಷ್ಟು ಹೊತ್ತು ಮಾತ್ರ ಆರಾಮ. ಮದ್ದು ಅಂತ ಕೀಮೋ ರೋಗಿಗಳ ವಾಂತಿ ನಿಲ್ಲಿಸಲು ಕೊಡುವುದೂ ಇದೇ ಟಿಎಚ್‌ಸಿ ಅನ್ನುವುದು ಇದರ ತಮಾಷೆ.

"ತಿಂದರೆ?"

"ಯಕೃತ್ತು ಅದನ್ನು 11-ಹೈಡ್ರಾಕ್ಸಿ-ಟಿಎಚ್‌ಸಿ ಮಾಡುತ್ತದೆ. ಅದೂ ಜೋರೇ. ಆದರೆ ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಏನೂ ಆಗಲಿಲ್ಲ ಅಂತ ಇನ್ನೊಂದು ತುಂಡು ತಿನ್ನುವವರೇ ಆಸ್ಪತ್ರೆಗೆ ಹೋಗುವುದು."

ಗಾಂಜಾದಲ್ಲೇ ಇರುವ ಇನ್ನೊಂದು ರಾಸಾಯನಿಕ ಸಿಬಿಡಿ ಕಿಕ್ ಕೊಡುವುದಿಲ್ಲ. ಮಕ್ಕಳ ಕೆಲವು ಹಟಮಾರಿ ಅಪಸ್ಮಾರಗಳಿಗೆ ಅದರ ಔಷಧಿಗೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನೇ ಸರ್ವರೋಗಕ್ಕೂ ಮದ್ದು ಅಂತ ಮಾರುವವರ ಮೇಲೆ ಪದ್ಮಾಗೆ ಕೋಪ. ಬೇರೆ ಮಾತ್ರೆಗಳ ಮಟ್ಟವನ್ನು ಅದು ಏರುಪೇರು ಮಾಡುತ್ತದಂತೆ.

"ಸರಿ, ಒಳಗಿನ ಸ್ಟಾಕ್ ಪುಕ್ಕಟೆ ಹೆಚ್ಚಿಸುವ ದಾರಿ?" ನಾಣಿ ಬಿಡಲಿಲ್ಲ.

"ಓಡು. ಓಡಿದರೆ ರಕ್ತದಲ್ಲಿ ಆನಂದಮೈಡ್ ಏರುತ್ತದೆ. ಇಲಿಗಳನ್ನು ಚಕ್ರದಲ್ಲಿ ಓಡಿಸಿ ನೋಡಿದ್ದಾರೆ, ಓಟದ ನಂತರ ಅವುಗಳ ಆತಂಕ ಕಡಿಮೆಯಾಯಿತು."

ನಾಣಿ ಕುರ್ಚಿಗೆ ಒರಗಿ ಕಾಲು ಚಾಚಿದ. "ಇಲಿಗಳು ಓಡಿವೆ ಅಲ್ವಾ? ಸಾಕು ಬಿಡು."