ಒಂದು ಚಮಚ ಎಣ್ಣೆ ಮತ್ತು ತಾತನ ಫಿಯೆಟ್

ಚಿಕ್ಕಪ್ಪ (ಫಾರ್ವರ್ಡ್): ಮೆಕ್ಯಾನಿಕ್‌ಗಳು ಮುಚ್ಚಿಟ್ಟ ಗುಟ್ಟು!! ಹಳೆ ಕಾರಿನ ಎಂಜಿನ್ ಬಿಚ್ಚಿ ಸಾವಿರಾರು ರೂಪಾಯಿ ಕಳೆದುಕೊಳ್ಳಬೇಡಿ. ಸ್ಪಾರ್ಕ್ ಪ್ಲಗ್ ತೆಗೆದು ಆ ತೂತಿಗೆ ಒಂದೇ ಒಂದು ಚಮಚ ಎಣ್ಣೆ ಹಾಕಿ. ಕಂಪ್ರೆಷನ್ ತಕ್ಷಣ ಏರುತ್ತದೆ, ಎಂಜಿನ್ ಹೊಸದಾಗುತ್ತದೆ. ನೆನಪಿರಲಿ, 15 ವರ್ಷ ದಾಟಿದ ಕಾರನ್ನು ಇನ್ನು ಮುಂದೆ ಮನೆ ಬಾಗಿಲಿಗೇ ಬಂದು ಸೀಜ್ ಮಾಡುತ್ತಾರೆ. ಹತ್ತು ಜನಕ್ಕೆ ಕಳಿಸಿ.

ಚಿಕ್ಕಪ್ಪ: ಅಣ್ಣ, ಇದನ್ನು ಓದು. ಯುಗಾದಿಯಿಂದ ಶೆಡ್ಡಿನಲ್ಲಿ ಎಂಜಿನ್ ಹರಡಿಕೊಂಡು ಕೂತಿದ್ದೀಯ. ಒಂದು ಚಮಚದಲ್ಲಿ ಮುಗಿಯುವ ಕೆಲಸವಂತೆ.

ಅತ್ತೆ: ಯಾವ ಎಣ್ಣೆ? ಕಡಲೆಕಾಯಿ ಎಣ್ಣೆನಾ?

ಚಿಕ್ಕಪ್ಪ: ಅದನ್ನು ಬರೆದಿಲ್ಲ.

ಭಾವ: ಮೂಲ ಯಾವುದು? ಬರೆದವರು ಯಾರು, ಯಾವಾಗ ಬರೆದದ್ದು?

ಚಿಕ್ಕಪ್ಪ: ನಮ್ಮ ವಾಕಿಂಗ್ ಗ್ರೂಪಿನಲ್ಲಿ ಬಂತು. ಕಳಿಸಿದವರು ರಿಟೈರ್ಡ್ ಎಂಜಿನಿಯರ್.

ಭಾವ: ಸಿವಿಲ್ಲಾ, ಮೆಕ್ಯಾನಿಕಲ್ಲಾ?

ಚಿಕ್ಕಪ್ಪ: ಬೋರ್‌ವೆಲ್ ವಿಷಯ ಬಂದಾಗಲೂ ನೀವು ಹೀಗೇ ಪೊಲೀಸರ ಹಾಗೆ ಪ್ರಶ್ನೆ ಕೇಳಿದಿರಿ. ಕೊನೆಗೆ ನಾನು ಹೇಳಿದ ಜಾಗದಲ್ಲೇ ನೀರು ಬಂತು.

ಭಾವ: ನೀರು ಬಂದದ್ದು ಜಿಯಾಲಜಿಸ್ಟ್ ತೋರಿಸಿದ ಜಾಗದಲ್ಲಿ. ನಿಮ್ಮದು ಅಲ್ಲಿಂದ ಹದಿನೈದು ಅಡಿ ದೂರ.

ದೊಡ್ಡಪ್ಪ: ಎಲ್ಲರಿಗೂ ಶುಭ ಸಂಜೆ. ಕಾರಿನ ವಿಷಯ ನನಗೆ ಗೊತ್ತಿಲ್ಲ. ಆದರೆ ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಸುಮ್ನೆ ಹೇಳಲಿಲ್ಲ. ಕಾರ್ಖಾನೆಯಲ್ಲಿ ಆಗಬೇಕಾದ ಕೆಲಸ ಕಾರ್ಖಾನೆಯಲ್ಲೇ ಆಗಬೇಕು. ಮಕ್ಕಳು ಓಡಾಡುವ ಮನೆ. ಪೆಟ್ರೋಲು, ಗ್ರೀಸು, ಕಿಡಿ. ನಾಳೆ ಏನಾದರೂ ಆದರೆ ಯಾರು ಹೊಣೆ? ರಿಟೈರ್ ಆದ ಮೇಲೆ ಮನುಷ್ಯನಿಗೆ ಒಂದು ಶಿಸ್ತು ಬೇಕು.

ಅಕ್ಕ: ದೊಡ್ಡಪ್ಪ, ಟ್ಯಾಂಕ್ ಖಾಲಿ ಮಾಡಿ, ಬ್ಯಾಟರಿ ಬಿಚ್ಚಿ ಪಕ್ಕದ ರೂಮಿನಲ್ಲಿ ಇಟ್ಟ ಮೇಲೇ ಅಪ್ಪ ಸ್ಪ್ಯಾನರ್ ಹಿಡಿದದ್ದು. ಮಕ್ಕಳು ಶೆಡ್ಡಿಗೆ ಬರಬಾರದೆಂದು ಸರಪಳಿ ಕಟ್ಟಿದ್ದಾರೆ. ಬಂದು ನೋಡಿ.

ದೊಡ್ಡಪ್ಪನ ಮಗ: ಅಯ್ಯೋ, ಆ ಕಾರು! ಸ್ಟೇರಿಂಗ್ ಪಕ್ಕದ ಗೇರು, ಮುಂದೆ ಒಂದೇ ಉದ್ದನೆಯ ಸೀಟು. ತಾತ, ಅಜ್ಜಿ, ಮಧ್ಯೆ ನಾನು. ತಾತ ಎರಡನೇ ಗೇರಿಗೆ ಎಳೆದಾಗೆಲ್ಲ ಮೊಣಕೈ ನನ್ನ ಕಿವಿಗೆ ತಾಗುತ್ತಿತ್ತು. ಮೈಸೂರಿಗೆ ಹೋಗುವಾಗ ಮದ್ದೂರಿನಲ್ಲಿ ವಡೆ. ನಂದಿ ಬೆಟ್ಟ ಹತ್ತುವಾಗ ರೇಡಿಯೇಟರ್ ಕುದಿದು, ಅಜ್ಜಿ ಕುಡಿಯಲು ತಂದ ನೀರನ್ನೆಲ್ಲ ಅದಕ್ಕೇ ಸುರಿದೆವು. ನೆನಪಿದೆಯಾ ಅತ್ತೆ?

ಅತ್ತೆ: ನೆನಪಿಲ್ಲದೆ! ಬರುವಾಗ ನಿನ್ನ ಚಿಕ್ಕಪ್ಪ ನಾನೇ ಓಡಿಸುತ್ತೇನೆ ಎಂದು ಹಟ ಮಾಡಿ ಮನೆ ಗೇಟಿಗೆ ಗುದ್ದಿದ್ದು ಕೂಡ ನೆನಪಿದೆ.

ಚಿಕ್ಕಪ್ಪ: ಬ್ರೇಕ್ ಹಿಡಿಯಲಿಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಬೆಟ್ಟ ಇಳಿದು ಬಿಸಿಯಾಗಿತ್ತು.

ಅತ್ತೆ: ನಂದಿಯಿಂದ ಹನುಮಂತನಗರದವರೆಗೂ ಬಿಸಿಯಾಗೇ ಇತ್ತಾ?

ನಾನು: ಗೇಟಿನ ವಿಷಯ ಆಮೇಲೆ. ಚಿಕ್ಕಪ್ಪ, ನೀವು ಕಳಿಸಿದ್ದರಲ್ಲಿ ಅರ್ಧ ನಿಜ ಇದೆ. ಯಾರಾದರೂ ನಂಬಿ ಮಾಡಿಬಿಡುತ್ತಾರೆ ಅನ್ನುವ ಭಯಕ್ಕೆ ಬರೆಯುತ್ತಿದ್ದೇನೆ. ಪ್ಲಗ್ ತೂತಿಗೆ ಎಣ್ಣೆ ಹಾಕುವುದು ರಿಪೇರಿ ಅಲ್ಲ, ಪರೀಕ್ಷೆ. ನಾಲ್ಕೂ ಪ್ಲಗ್ ತೆಗೆದು, ಕಾಯಿಲ್ ವೈರ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಒಂದೊಂದೇ ಸಿಲಿಂಡರಿಗೆ ಗೇಜ್ ಹಿಡಿದು ಸ್ಟಾರ್ಟರ್ ತಿರುಗಿಸಬೇಕು. ಒತ್ತಡ, ಅಂದರೆ ಕಂಪ್ರೆಷನ್, ಎಷ್ಟು ಬಂತೆಂದು ಬರೆದಿಟ್ಟುಕೊಳ್ಳಬೇಕು. ಕಡಿಮೆ ಬಂದ ಸಿಲಿಂಡರಿಗೆ ಚಮಚದಷ್ಟು ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಬೇಕು. ಆ ಎಣ್ಣೆ ಪಿಸ್ಟನ್ ರಿಂಗಿಗೂ ಸಿಲಿಂಡರ್ ಗೋಡೆಗೂ ನಡುವಿನ ಸಂದನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ. ಆಗ ಒತ್ತಡ ಏರಿದರೆ ರಿಂಗು ಅಥವಾ ಬೋರು (ಸಿಲಿಂಡರಿನ ಒಳಗೋಡೆ) ಸವೆದಿದೆ. ಏರದಿದ್ದರೆ ತೊಂದರೆ ಮೇಲುಗಡೆ, ಗಾಳಿ ಹೊಗೆಯ ದಾರಿ ಮುಚ್ಚುವ ವಾಲ್ವಿನಲ್ಲೋ, ಸಿಲಿಂಡರಿನ ಮೇಲ್ಮುಚ್ಚಳವಾದ ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ಟಿನಲ್ಲೋ. ಎಂಜಿನ್ ಸ್ಟಾರ್ಟ್ ಮಾಡಿದರೆ ಆ ಎಣ್ಣೆ ಹೊಗೆಯಾಗಿ ಹೋಗುತ್ತದೆ, ಸವೆತ ಹಾಗೇ ಇರುತ್ತದೆ. ಒಂದು ಚಮಚಕ್ಕೆ ಇಷ್ಟು ಗುಣವಾದರೆ ಅರ್ಧ ಲೋಟ ಹಾಕೋಣ ಎಂದು ಯಾರಾದರೂ ಸುರಿದರೆ ಇನ್ನೂ ಕೆಟ್ಟದ್ದು. ಗಾಳಿ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ. ಪಿಸ್ಟನ್ ಮೇಲೆ ಬಂದು ಅದಕ್ಕೆ ಗುದ್ದಿದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡೇ ಬಗ್ಗುತ್ತದೆ.

ದೊಡ್ಡಪ್ಪ: ಇಷ್ಟುದ್ದ ಬರೆದರೆ ಯಾರು ಓದುತ್ತಾರೆ ಮಗಳೇ.

ಚಿಕ್ಕಪ್ಪ: ಎಣ್ಣೆ ಹಾಕಿದರೆ ಕಂಪ್ರೆಷನ್ ಏರುತ್ತದೆ ಎಂದು ನೀನೇ ಒಪ್ಪಿಕೊಂಡೆಯಲ್ಲ. ನಾನು ಹೇಳಿದ್ದೂ ಅದೇ.

ನಾನು: ಇಲ್ಲ ಚಿಕ್ಕಪ್ಪ. ಥರ್ಮಾಮೀಟರ್ ಇಟ್ಟರೆ ಜ್ವರ ಎಷ್ಟೆಂದು ತಿಳಿಯುತ್ತದೆ, ಇಳಿಯುವುದಿಲ್ಲ ಅಲ್ವಾ?

ಭಾವ: ನಿಮ್ಮ ಎಂಜಿನ್ ಅಳತೆ ಎಷ್ಟು ಬಂತು? ಅದನ್ನು ಹಾಕು.

ನಾನು: ಒಂದು, ಎರಡು, ನಾಲ್ಕನೆಯದು 110ರಿಂದ 115 ಪಿಎಸ್‌ಐ. ಮೂರನೆಯದು 65. ಎಣ್ಣೆ ಹಾಕಿದ ಮೇಲೆ 68.

ಭಾವ: ಹಾಗಾದರೆ ಗ್ಯಾಸ್ಕೆಟ್ ಯಾಕಾಗಿರಬಾರದು?

ನಾನು: ಎರಡು ಸಿಲಿಂಡರ್ ನಡುವೆ ಗ್ಯಾಸ್ಕೆಟ್ ಸುಟ್ಟಿದ್ದರೆ ಸಾಮಾನ್ಯವಾಗಿ ಅಕ್ಕಪಕ್ಕದ ಎರಡೂ ಕಡಿಮೆ ಇರುತ್ತವೆ. ಇಲ್ಲಿ ಒಂದೇ. ಎರಡೂ ವಾಲ್ವ್ ಮುಚ್ಚಿರಬೇಕಾದ ಹೊತ್ತಿನಲ್ಲಿ ಪಿಸ್ಟನ್ನನ್ನು ಮೇಲ್ತುದಿಯಲ್ಲಿ ನಿಲ್ಲಿಸಿ ಪ್ಲಗ್ ತೂತಿನಿಂದ ಗಾಳಿ ಬಿಟ್ಟಾಗ ಸೈಲೆನ್ಸರ್ ತುದಿಯಲ್ಲಿ ಸುಯ್ ಎನ್ನುವ ಸದ್ದು ಕೇಳಿಸಿತು. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ ಎಂದು ಅಪ್ಪ ಹೆಡ್ ತೆಗೆಯುವ ಮೊದಲೇ ಹೇಳಿದರು. ತೆಗೆದು ನೋಡಿದರೆ ಹಾಗೇ ಇತ್ತು. (ಫೋಟೋ) ಮೂರನೇ ವಾಲ್ವಿನ ಅಂಚು ನೋಡಿ. ಒಂದು ಕಡೆ ಬೆರಳುಗುರಿನಷ್ಟು ಜಾಗ ಸುಟ್ಟು ತೆಳುವಾಗಿದೆ, ಅಲ್ಲಿ ಮಾತ್ರ ಬಣ್ಣ ಬಿಳುಪು. ಉಳಿದ ಮೂರಕ್ಕೆ ಕಂದು ಮಸಿ ಸಮನಾಗಿ ಕೂತಿದೆ.

ಭಾವ: ಸರಿ. ಇದು ಆಧಾರ.

ಅತ್ತೆ: ಫೋಟೋದಲ್ಲಿ ಕೆಳಗೆ ಹಾಸಿರುವುದು ಅಮ್ಮನ ಹಳೆ ಸೀರೆಯಾ?

ಅಕ್ಕ: ಅಲ್ಲ ಅತ್ತೆ, ಹಳೆ ಬೆಡ್‌ಶೀಟು.

ಅತ್ತೆ: ಅಂಚು ಅಮ್ಮನ ಇಳಕಲ್ ಸೀರೆಯ ಹಾಗೇ ಇದೆ. ಆ ಸೀರೆ ಯಾರ ಮನೆಗೆ ಹೋಯಿತೆಂದು ಇವತ್ತಿಗೂ ಯಾರೂ ಹೇಳಿಲ್ಲ.

ದೊಡ್ಡಪ್ಪ: ಆ ಮಾತು ಈಗ ಬೇಡ.

ಚಿಕ್ಕಪ್ಪ: ವಾಲ್ವ್ ಕೂರುವ ಸೀಟ್ ಕತ್ತರಿಸಲು ಕಲಾಸಿಪಾಳ್ಯದ ಲೇತ್ ಅಂಗಡಿಗೆ ಹೋಗಿದ್ದಿರಂತೆ. ಅಂದ ಮೇಲೆ ಮನೆಯಲ್ಲೇ ಮಾಡಿದೆ ಎಂದು ಹೇಳಿಕೊಳ್ಳುವುದು ಯಾಕೆ?

ಅಪ್ಪ: ಸೀಟ್ ಕತ್ತರಿಸುವ ಮೆಷಿನ್ ಮನೆಯಲ್ಲಿಲ್ಲ. ಅದಕ್ಕೆ ಹೋದೆ.

ನಾನು: ವಾಲ್ವ್ ಗ್ರೈಂಡ್ ಮಾಡಿದ್ದು ಮನೆಯಲ್ಲೇ. ಅಂಚಿಗೆ ಪೇಸ್ಟ್ ಹಚ್ಚಿ, ರಬ್ಬರ್ ಬಟ್ಟಲಿನ ಕೋಲನ್ನು ಎರಡು ಅಂಗೈ ನಡುವೆ ಉಜ್ಜುತ್ತಾ, ಆಗಾಗ ಎತ್ತಿ ಸ್ವಲ್ಪ ತಿರುಗಿಸಿ ಮತ್ತೆ ಉಜ್ಜಬೇಕು. ಸುತ್ತಲೂ ಒಂದೇ ಸಮನಾದ ಬೂದು ಗೆರೆ ಬರುವವರೆಗೆ. ಆಮೇಲೆ ಪೇಸ್ಟ್ ಚೂರೂ ಉಳಿಯದ ಹಾಗೆ ತೊಳೆದು, ಸ್ಪ್ರಿಂಗ್ ಹಾಕಿ, ಹೆಡ್ಡನ್ನು ತಲೆಕೆಳಗಾಗಿ ಇಟ್ಟು, ಸೋರುತ್ತದೆಯೇ ಎಂದು ನೋಡಲು ವಾಲ್ವ್ ಇರುವ ಗುಂಡಿಯೊಳಗೆ ಸೀಮೆಎಣ್ಣೆ ತುಂಬಿದೆವು. ಮೊದಲ ಸಲ ಮೂರನೆಯದರಲ್ಲಿ ಪೋರ್ಟ್ (ಹೊಗೆ ಹೋಗುವ ದಾರಿ) ಕಡೆಯಿಂದ ಸಣ್ಣಗೆ ಒಸರಿತು. ಅಪ್ಪ ಏನೂ ಮಾತಾಡದೆ ಸ್ಪ್ರಿಂಗ್ ಬಿಚ್ಚಿ ಮತ್ತೆ ಉಜ್ಜಲು ಕೂತರು. ಈಗ ರಾತ್ರಿಯಿಡೀ ಇಟ್ಟರೂ ಹನಿ ಇಳಿಯುವುದಿಲ್ಲ. ಬೋರನ್ನು ತಾತ ಎಚ್‌ಎಂಟಿಯಲ್ಲಿದ್ದಾಗ ಕೊಂಡ ಮೈಕ್ರೋಮೀಟರಿನಿಂದಲೇ ಅಳೆದದ್ದು. ಮೊದಲು ಟೆಲಿಸ್ಕೋಪಿಕ್ ಗೇಜ್ ಒಳಗಿಟ್ಟು, ಅದನ್ನು ತೆಗೆದು ಮೈಕ್ರೋಮೀಟರಿನಲ್ಲಿ ಹಿಡಿದು. ಮೇಲೆ, ಮಧ್ಯೆ, ಕೆಳಗೆ, ಅಡ್ಡ, ಉದ್ದ. ಆ ಎಂಜಿನ್ 1089 ಸಿಸಿ, ಬೋರ್ 68 ಮಿಮೀ, ಸ್ಟ್ರೋಕ್ 75. ರಿಂಗ್ ಓಡುವ ಜಾಗದ ಮೇಲ್ತುದಿಯಲ್ಲಿ ಜಾಸ್ತಿ ಸವೆಯುತ್ತದೆ, ಸವೆದಿದ್ದರೆ ಅಲ್ಲೊಂದು ಮೆಟ್ಟಿಲು ಉಗುರಿಗೆ ಸಿಗುತ್ತದೆ. ನಮ್ಮದರಲ್ಲಿ ಸಿಗಲಿಲ್ಲ. ಅದಕ್ಕೇ ರೀಬೋರ್ (ಬೋರನ್ನು ಕೊರೆದು ಹಿಗ್ಗಿಸುವುದು) ಬೇಡ ಎಂದು ಬಿಟ್ಟಿದ್ದು. ಲೇತ್ ಅಂಗಡಿಯವರೂ ಅಳೆದು ಅದೇ ಹೇಳಿದರು.

ದೊಡ್ಡಪ್ಪನ ಮಗ: ತಾತನ ಮೈಕ್ರೋಮೀಟರ್ ಇನ್ನೂ ಇದೆಯಾ? ಮರದ ಪೆಟ್ಟಿಗೆ, ಒಳಗೆ ಹಸಿರು ಬಟ್ಟೆ. ಮುಟ್ಟಿದರೆ ಬೈಯುತ್ತಿದ್ದರು.

ಚಿಕ್ಕಪ್ಪ: ಅದನ್ನೂ ನೀವೇ ಇಟ್ಟುಕೊಂಡಿದ್ದೀರಾ? ಕಾರು ನಿಮ್ಮ ಹತ್ತಿರ, ಶೆಡ್ಡು ನಿಮ್ಮದು. 1998ರಲ್ಲಿ ಶಿವಾಜಿನಗರದ ಗುಜರಿಯವನು ಹದಿನೈದು ಸಾವಿರ ಕೊಡುತ್ತೇನೆ ಎಂದು ಬಾಗಿಲಿಗೆ ಬಂದಿದ್ದ. ನನಗೆ ಆಗ ಉತ್ತರಹಳ್ಳಿ ಸೈಟಿಗೆ ಮುಂಗಡ ಕಟ್ಟಬೇಕಿತ್ತು. ಅಣ್ಣ ಅವನನ್ನು ವಾಪಸ್ ಕಳಿಸಿದ. ಆ ಸೈಟಿನ ಬೆಲೆ ಇವತ್ತು ಎಷ್ಟು ಅಂತ ಯಾರಿಗಾದರೂ ಅಂದಾಜಿದೆಯಾ?

ದೊಡ್ಡಪ್ಪ: ಹಳೆಯದನ್ನು ಕೆದಕಬಾರದು. ಆದರೆ ಅವನು ಹೇಳುವುದರಲ್ಲಿ ತಪ್ಪಿಲ್ಲ. ಮನೆಯ ಆಸ್ತಿ ಎಂದರೆ ಎಲ್ಲರನ್ನೂ ಕೇಳಬೇಕಿತ್ತು.

ಅತ್ತೆ: ನನ್ನನ್ನು ಯಾವುದಕ್ಕೂ ಯಾರೂ ಕೇಳಿಲ್ಲ.

ಭಾವ: ಮತ್ತೆ ವಿಷಯಕ್ಕೆ ಬರೋಣ. 15 ವರ್ಷದ ಕಾರು ಸೀಜ್ ಮಾಡುತ್ತಾರೆ ಎಂದಿದೆಯಲ್ಲ, ಅದಕ್ಕೆ ಆದೇಶದ ಪ್ರತಿ ಇದೆಯಾ?

ಚಿಕ್ಕಪ್ಪ: ಟಿವಿಯಲ್ಲಿ ಬಂದಿತ್ತು.

ನಾನು: ಡೀಸೆಲ್‌ಗೆ 10 ವರ್ಷ, ಪೆಟ್ರೋಲ್‌ಗೆ 15 ಎನ್ನುವ ನಿರ್ಬಂಧ ಬಂದದ್ದು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ. ಬೆಂಗಳೂರಿನಲ್ಲಿ 15 ವರ್ಷ ಆದ ಮೇಲೆ ಗಾಡಿ ಆರ್‌ಟಿಒ ತಪಾಸಣೆಯಲ್ಲಿ ಪಾಸಾದರೆ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸುತ್ತಾರೆ. ನಮ್ಮ ಕಾರು 1971ರದು, ಪದ್ಮಿನಿ ಎಂಬ ಹೆಸರು ಬರುವುದಕ್ಕೂ ಮೊದಲಿನ ಫಿಯೆಟ್ 1100, ಮುಂಬೈಯ ಕುರ್ಲಾದಲ್ಲಿ ತಯಾರಾದದ್ದು. 50 ವರ್ಷ ದಾಟಿದ ಗಾಡಿಗೆ 2021ರಲ್ಲಿ ಕೇಂದ್ರ ಸರ್ಕಾರ ಬೇರೆ ನಿಯಮ ತಂದಿದೆ. ವಿಂಟೇಜ್ ಎಂದು ನೋಂದಾಯಿಸಿದರೆ ನಂಬರಿನಲ್ಲಿ ‘ವಿಎ’ ಬರುತ್ತದೆ, ಶುಲ್ಕ 20,000 ರೂಪಾಯಿ, 10 ವರ್ಷ ಊರ್ಜಿತ. ದಿನಾ ಆಫೀಸಿಗೆ ಓಡಿಸುವ ಹಾಗಿಲ್ಲ. ಗಾಡಿ ಮೂಲ ರೂಪದಲ್ಲೇ ಇರಬೇಕು. ಅದಕ್ಕೇ ಅಪ್ಪ ಬೇರೆ ಎಂಜಿನ್ ಕೂರಿಸಿ ಕೈ ತೊಳೆದುಕೊಳ್ಳದೆ ಇದೇ ಎಂಜಿನ್ ಉಳಿಸಲು ಇಷ್ಟು ಒದ್ದಾಡುತ್ತಿರುವುದು. ಆ ಬ್ಲಾಕಿನ ಮೇಲೆ ಒತ್ತಿರುವ ನಂಬರ್ ತಾತನ ಆರ್‌ಸಿ ಪುಸ್ತಕದಲ್ಲಿರುವ ನಂಬರ್.

ಭಾವ: ಮತ್ತೆ ಪೆಟ್ರೋಲ್? ಈಗ ಬಂಕ್‌ನಲ್ಲಿ ಬರುವುದರಲ್ಲಿ 20% ಎಥೆನಾಲ್ ಇದೆ.

ಅಪ್ಪ: ಹಳೆ ರಬ್ಬರ್ ಪೈಪು, ಪಂಪಿನ ಡಯಾಫ್ರಾಮು ಅದಕ್ಕೆ ತಡೆಯುವುದಿಲ್ಲ. ಎಲ್ಲ ಬದಲಾಯಿಸಿದ್ದೇನೆ. ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು.

ಚಿಕ್ಕಪ್ಪ: ಆರ್‌ಸಿ ಪುಸ್ತಕವೂ ನಿಮ್ಮ ಹತ್ತಿರವೇ ಇದೆ ಅನ್ನಿ.

ಅಕ್ಕ: ಇಲ್ಲ, ದೊಡ್ಡಪ್ಪನ ಬೀರುವಿನಲ್ಲಿದೆ. ಸಂಕ್ರಾಂತಿಯಿಂದ ಕೇಳುತ್ತಿದ್ದೇವೆ.

ದೊಡ್ಡಪ್ಪ: ಹುಡುಕಿಸುತ್ತೇನೆ ಎಂದು ಹೇಳಿದ್ದೇನೆ. ಕೇಳುವುದಕ್ಕೂ ಒಂದು ರೀತಿ ಇದೆ.

ಅಪ್ಪ: ತಮ್ಮಾ, 1998ರಲ್ಲಿ ಮಾರುವುದು ಬೇಡ ಎಂದದ್ದು ನಾನಲ್ಲ, ಅಮ್ಮ. ಅವಳ ಹೆಸರು ಹೇಳಬೇಡ ಎಂದು ಅವಳೇ ಕೇಳಿಕೊಂಡಿದ್ದಳು, ನೀನು ಬೇಜಾರು ಮಾಡಿಕೊಳ್ಳುತ್ತೀಯ ಎಂದು. ಮುಂಗಡಕ್ಕೆ ಬಳೆ ಕೊಡುತ್ತೇನೆ ಎಂದಿದ್ದಳು. ನೀನು ಅಷ್ಟರಲ್ಲಿ ಮನೆ ಬಿಟ್ಟು ಹೋಗಿದ್ದೆ.

ಅತ್ತೆ: ಇದು ನನಗೂ ಗೊತ್ತಿರಲಿಲ್ಲ.

ದೊಡ್ಡಪ್ಪನ ಮಗ: ಚಿಕ್ಕಪ್ಪ ಟೈಪ್ ಮಾಡುತ್ತಾರೆ, ನಿಲ್ಲಿಸುತ್ತಾರೆ.

ಚಿಕ್ಕಪ್ಪ: ಬಳೆ ವಿಷಯ ನನಗೆ ಯಾರೂ ಹೇಳಲಿಲ್ಲ. ಫೋನ್ ಮಾಡುತ್ತೇನೆ, ಇಲ್ಲಿ ಬೇಡ.

ಭಾವ: ಚಿಕ್ಕಪ್ಪ, ಆ ಫಾರ್ವರ್ಡ್ ಡಿಲೀಟ್ ಮಾಡುತ್ತೀರಾ? ನಿಮ್ಮ ವಾಕಿಂಗ್ ಗ್ರೂಪಿನಲ್ಲೂ ಹೇಳಿ.

ಚಿಕ್ಕಪ್ಪ: ಬಹಳ ಜನರಿಗೆ ಕಳಿಸಿಬಿಟ್ಟಿದ್ದೇನೆ.

ನಾನು: ನಾನು ಮೇಲೆ ಬರೆದದ್ದನ್ನೇ ಅವರಿಗೂ ಕಳಿಸಿ ಚಿಕ್ಕಪ್ಪ. ಜಾಸ್ತಿ ಎಣ್ಣೆ ಸುರಿಯಬೇಡಿ ಎನ್ನುವ ಸಾಲನ್ನಾದರೂ ಕಳಿಸಿ. ಯಾರೋ ಒಬ್ಬರ ಎಂಜಿನ್ ಉಳಿಯುತ್ತದೆ.

ಅಪ್ಪ: ಭಾನುವಾರ ಹೆಡ್ ಕೂರಿಸುತ್ತೇನೆ. ಬೋಲ್ಟುಗಳನ್ನು ಮಧ್ಯದಿಂದ ಶುರು ಮಾಡಿ ಹೊರಗೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಹೆಡ್ ಅಲ್ಯೂಮಿನಿಯಂ, ಅಂದಾಜಿನಲ್ಲಿ ಬಿಗಿದರೆ ಬಾಗುತ್ತದೆ. ಒಳ್ಳೆಯ ಟಾರ್ಕ್ ವ್ರೆಂಚ್ ಯಾರ ಹತ್ತಿರ ಇದೆ?

ಭಾವ: ನನ್ನ ಹತ್ತಿರ ಇದೆ. ಹೋದ ವರ್ಷ ಕ್ಯಾಲಿಬ್ರೇಟ್ ಮಾಡಿಸಿದ್ದೇನೆ, ಸರ್ಟಿಫಿಕೇಟೂ ಇದೆ. ತರುತ್ತೇನೆ.

ಚಿಕ್ಕಪ್ಪ: ನಾನೂ ಬರುತ್ತೇನೆ. ಭಾವನವರು ಬೋರ್‌ವೆಲ್ ಮಾತೆತ್ತಬಾರದು.

ಭಾವ: ಹದಿನೈದು ಅಡಿ ಅಂದರೆ ಹದಿನೈದು ಅಡಿಯೇ.