ಟ್ರಾಬ್ಜೋನ್: ಬೆರಳಗಲದ ಕರಾವಳಿ 257 ವರ್ಷ ಉಳಿದದ್ದು ಹೇಗೆ?

ಚಿತ್ರದುರ್ಗದವ, ಜಯನಗರ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಓದುಗರ ಬಳಗದಲ್ಲಿ ಮುಂದಿನ ಭಾನುವಾರ ಮಾತಾಡೋ ಪಾಳಿ ನಂದು. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾದ ಕಥೆ ಹೇಳೋಣ ಅಂತ ಓದ್ತಾ ಕೂತಿದ್ದೆ. ಓದ್ತಾ ಓದ್ತಾ ಬೇರೆ ಕಡೆಗೇ ಎಳ್ಕೊಂಡು ಹೋಯ್ತು. ಅದು ಬೈಜಾಂಟೈನ್ ಅನ್ನೋ ಗ್ರೀಕ್ ಸಾಮ್ರಾಜ್ಯದ ರಾಜಧಾನಿ. ಆ ರಾಜಧಾನಿ ಬಿದ್ದ ಮೇಲೂ ಎಂಟು ವರ್ಷ, ಅಂದ್ರೆ 1461ರವರೆಗೆ, ಕಪ್ಪು ಸಮುದ್ರದ ದಂಡೇಲಿ ಟ್ರೆಬಿಜೋಂಡ್ ಅಂತ ಒಂದು ಪುಟ್ಟ ಗ್ರೀಕ್ ಸಾಮ್ರಾಜ್ಯ ಉಳಿದಿತ್ತಂತೆ. ಈಗಿನ ಟರ್ಕಿಯ ಟ್ರಾಬ್ಜೋನ್ ಪ್ರಾಂತ್ಯ ಅದು. 1204ರಲ್ಲಿ ಶುರುವಾಗಿದ್ದು, ಲೆಕ್ಕ ಹಾಕಿದ್ರೆ 257 ವರ್ಷ.

ನಕ್ಷೆ ತೆಗೆದು ನೋಡಿದೆ. ಬೆರಳಗಲದ ಪಟ್ಟಿ. ಸುತ್ತಮುತ್ತ ಸೆಲ್ಜುಕ್ ತುರ್ಕರು, ಆಮೇಲೆ ಮಂಗೋಲರು, ಆಮೇಲೆ ತುರ್ಕ್‌ಮನ್ ಪಂಗಡಗಳು. ಇಷ್ಟು ಜನರ ನಡುವೆ ಇದು ಹೇಗೆ ಬದುಕಿತು?

ಇನ್ನೊಂದು ವಿಷಯ. ಅಲ್ಲಿನ ಹಳ್ಳಿಗಳ ಫೋಟೋ ತೋರಿಸಿದ್ರೆ ಮಗಳು "ಅಪ್ಪಾ, ಇದು ಮಡಿಕೇರಿ ಅಲ್ವಾ?" ಅಂದ್ಲು. ಟರ್ಕಿ ಅಂದ್ರೆ ನಮ್ಮ ದುರ್ಗದ ಕಡೆ ಥರ ಒಣ ಬಯಲು ಅಂತಲೇ ಇಷ್ಟು ದಿನ ನನ್ನ ತಲೇಲಿದ್ದಿದ್ದು. ತಿಳಿದವರು ದಯವಿಟ್ಟು ಹೇಳಿ.

ವಿಜಯಪುರದವ, ಈಗ ಯಲಹಂಕ

ಮದುವೆ ಸಂಬಂಧಗಳನ್ನ ಮರೀಬೇಡಿ ಸರ್. ಅಲ್ಲಿನ ಅರಸರು ಸುತ್ತಲಿನ ತುರ್ಕ್‌ಮನ್ ನಾಯಕರಿಗೆ ಹೆಣ್ಣು ಕೊಟ್ಟು ಬೀಗರಾಗ್ತಿದ್ರು. 1458ರಲ್ಲಿ ರಾಜಕುಮಾರಿ ಥಿಯೊಡೋರಾಳನ್ನ ಅಕ್ ಕೊಯುನ್ಲು ಅನ್ನೋ ತುರ್ಕ್‌ಮನ್ ಪಂಗಡದ ದೊರೆ ಉಜುನ್ ಹಸನ್‌ಗೆ ಕೊಟ್ರು. ಆಕೆಯ ಮಗಳ ಮಗನೇ ಷಾ ಇಸ್ಮಾಯಿಲ್, 1501ರಲ್ಲಿ ಇರಾನಿನ ಸಫಾವಿ ಮನೆತನ ಕಟ್ಟಿ ಶಿಯಾ ಪಂಥವನ್ನ ಅಲ್ಲಿನ ರಾಜ್ಯದ ಪಂಥ ಮಾಡಿದವ. ಅವನನ್ನ ನೋಡಿಯೇ ನಮ್ಮ ಬಿಜಾಪುರದ ಯೂಸುಫ್ ಆದಿಲ್ ಖಾನ್ ಶಿಯಾ ಪಂಥವನ್ನ ರಾಜ್ಯದ ಪಂಥ ಮಾಡಿದ್ದು. ಕಪ್ಪು ಸಮುದ್ರದ ಆ ಹೆಣ್ಣುಮಗಳ ಮೊಮ್ಮಗನ ಮಾತು ಕೃಷ್ಣಾ ತೀರದವರೆಗೆ ನಡೀತು. ಗೋಳಗುಮ್ಮಟದ ನೆರಳಲ್ಲಿ ಬೆಳೆದ ನಾನು ಇದನ್ನ ಮೊದಲ ಸಲ ಓದಿದ ರಾತ್ರಿ ನಿದ್ದೆ ಮಾಡಲಿಲ್ಲ.

ಶಿರಸಿ ಕಡೆಯವಳು, ಮಲ್ಲೇಶ್ವರ

ಮದುವೆ ಆಮೇಲಿನ ಮಾತು. ಮೊದಲು ಘಟ್ಟ.

ಮೂವತ್ತೊಂದು ವರ್ಷ ಪಿಯುಸಿ ಮಕ್ಕಳಿಗೆ ಭೂಗೋಳ ಹೇಳಿದವಳು ನಾನು. ನಿವೃತ್ತಿಯಾದ ಮೇಲೆ ಒಂದು ಸೆಪ್ಟೆಂಬರಿನಲ್ಲಿ ನಾನೂ ನಮ್ಮನೆಯವರೂ ಟ್ರಾಬ್ಜೋನಿಗೆ ಹೋಗಿ ಒಂಬತ್ತು ದಿನ ಇದ್ದು ಬಂದೆವು. ಊರ ಬೆನ್ನಿಗಿರುವ ಬೊಜ್‌ತೆಪೆ ಗುಡ್ಡ ಹತ್ತಿ ನಿಂತರೆ ಎಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಉತ್ತರಕ್ಕೆ ಕಡಲು. ದಕ್ಷಿಣಕ್ಕೆ ತಿರುಗಿದರೆ ಗುಡ್ಡದ ಮೇಲೆ ಗುಡ್ಡ, ಕೊನೆಯ ಸಾಲು ಮೋಡದೊಳಗೆ. ಪಾಂಟಿಕ್ ಪರ್ವತಗಳು ಅಂತಾರೆ. ಒಳನಾಡಿಗೆ ಹೋಗುವ ಹಳೆಯ ದಾರಿ ಮಾಚ್ಕಾ ಎಂಬ ಊರಿನ ಮೇಲೆ ಹಾಯ್ದು ಜಿಗಾನಾ ಘಾಟಿ ಹತ್ತುತ್ತದೆ. ಆ ಘಾಟಿಯ ಎತ್ತರ 2,032 ಮೀಟರ್. ನಮ್ಮ ಕುದುರೆಮುಖದ ಶಿಖರವೇ 1,894 ಮೀಟರ್. ಅಲ್ಲಿ ಜನ ದಾಟುವ ದಾರಿಯೇ ನಮ್ಮ ಶಿಖರಕ್ಕಿಂತ ಮೇಲಿದೆ, ಚಳಿಗಾಲದಲ್ಲಿ ಅಲ್ಲಿ ಹಿಮ ಬೇರೆ. 2023ರಲ್ಲಿ ಅದರ ಕೆಳಗೆ ಹದಿನಾಲ್ಕೂವರೆ ಕಿಲೋಮೀಟರ್ ಸುರಂಗ ತೆರೆದಿದ್ದಾರೆ. ಕುದುರೆ, ಒಂಟೆ, ಫಿರಂಗಿ ಎಳೆದುಕೊಂಡು ಅದನ್ನು ಹತ್ತಿ ಇಳಿಯಬೇಕಾದ ಸೈನ್ಯವನ್ನು ನೆನೆಸಿಕೊಳ್ಳಿ.

ಹಸಿರಿನ ಗುಟ್ಟೂ ಅದೇ. ವಾಯವ್ಯದ ಗಾಳಿ ಕಪ್ಪು ಸಮುದ್ರದ ಮೇಲೆ ಬಂದು ನೀರು ಹೊತ್ತುಕೊಳ್ಳುತ್ತದೆ, ಘಟ್ಟಕ್ಕೆ ತಾಗಿ ಮೇಲೇರುತ್ತದೆ, ತಣಿದು ಸುರಿಯುತ್ತದೆ. ಆಗುಂಬೆಯಲ್ಲಿ ನಡೆಯುವುದೂ ಇದೇ ಕೆಲಸ. ಆದರೆ ಒಂದು ವ್ಯತ್ಯಾಸ ನಿಮ್ಮ ಮಗಳಿಗೆ ಹೇಳಿ. ಟ್ರಾಬ್ಜೋನ್ ನಗರದಲ್ಲಿ ವರ್ಷಕ್ಕೆ ಬೀಳುವುದು ಸುಮಾರು 800 ಮಿಲಿಮೀಟರ್ ಚಿಲ್ಲರೆ, ನಮ್ಮ ಬೆಂಗಳೂರಿಗಿಂತ ಕಡಿಮೆ! ಆದರೂ ಹಸಿರು ಬಾಡುವುದಿಲ್ಲ, ಏಕೆಂದರೆ ಅಲ್ಲಿ ಮಳೆಗೆ ತಿಂಗಳ ಲೆಕ್ಕವಿಲ್ಲ. ವರ್ಷವಿಡೀ ಹನಿಯುತ್ತಿರುತ್ತದೆ, ಬಿಸಿಲೂ ಸೌಮ್ಯ. ಅಲ್ಲಿಂದ ಪೂರ್ವಕ್ಕೆ 75 ಕಿಲೋಮೀಟರ್ ಹೋದರೆ ರಿಜೆ. ಅಲ್ಲಿ 2,200 ಮಿಲಿಮೀಟರ್ ದಾಟುತ್ತದೆ, ಗುಡ್ಡವೆಲ್ಲ ಟೀ ತೋಟ. ಅದೇ ಘಟ್ಟದ ಬೆನ್ನಿನಾಚೆ ಬೈಬುರ್ತ್ ಕಡೆ ಇಳಿದರೆ ನಿಮ್ಮ ಚಳ್ಳಕೆರೆ ಹಾದಿಯ ನೆನಪಾಗುವ ಒಣ ಬಯಲು. ಹಾಗಾಗಿ ನೀವು ತಲೆಯಲ್ಲಿಟ್ಟುಕೊಂಡಿದ್ದ ಟರ್ಕಿಯೂ ನಿಜವೇ, ಅದು ಘಟ್ಟದ ಆಚೆಗಿದೆ.

ಈಗ ಸಾಮ್ರಾಜ್ಯ. 1204ರ ಏಪ್ರಿಲಿನಲ್ಲಿ ಕ್ರೂಸೇಡಿನವರು, ಅಂದರೆ ಪಶ್ಚಿಮ ಯುರೋಪಿನಿಂದ ಬಂದ ಕ್ರೈಸ್ತ ಸೈನಿಕರು, ಕಾನ್‌ಸ್ಟಾಂಟಿನೋಪಲ್ ಲೂಟಿ ಮಾಡಿದ ಹೊತ್ತಿಗೇ, ಹಿಂದೆ ಆ ರಾಜಧಾನಿಯನ್ನು ಆಳಿದ್ದ ಕೊಮ್ನೆನೋಸ್ ಮನೆತನದ ಅಲೆಕ್ಸಿಯೋಸ್, ಡೇವಿಡ್ ಎಂಬ ಅಣ್ಣತಮ್ಮಂದಿರು ಜಾರ್ಜಿಯಾದ ರಾಣಿ ತಮಾರಳ ಸೈನ್ಯದ ನೆರವಿನಿಂದ ಟ್ರೆಬಿಜೋಂಡ್ ಹಿಡಿದರು. ಊರ ಹೆಸರಿನ ಮೂಲ 'ಮೇಜು' ಎಂಬ ಗ್ರೀಕ್ ಪದ. ಎರಡು ಆಳವಾದ ಕೊರಕಲುಗಳ ನಡುವೆ ಮೇಜಿನಂತೆ ಎದ್ದ ಬಂಡೆಯ ಮೇಲೆ ಕೋಟೆ. ಇವತ್ತೂ ಜಾಗ್ನೋಸ್ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದರೆ ಆ ಕೊರಕಲು ಎಷ್ಟು ದೊಡ್ಡ ಕಂದಕದ ಕೆಲಸ ಮಾಡಿದೆ ಅಂತ ಗೊತ್ತಾಗುತ್ತದೆ.

ಘಟ್ಟ ಕಾಪಾಡಿತು ಸರಿ, ಹೊಟ್ಟೆ ತುಂಬಿಸಿದ್ದು ಯಾರು? ಅದೂ ಘಟ್ಟದ ದಾರಿಯೇ. 1258ರಲ್ಲಿ ಮಂಗೋಲರು ಬಾಗ್ದಾದ್ ಹಾಳುಗೆಡವಿದ ಮೇಲೆ ಏಷ್ಯಾದ ವ್ಯಾಪಾರ ಉತ್ತರಕ್ಕೆ ಸರಿಯಿತು. ಇರಾನಿನ ತಬ್ರೀಜಿನಿಂದ ಹೊರಟ ರೇಷ್ಮೆ, ಸಂಬಾರ ಎರ್ಜುರುಮ್ ಮೇಲೆ ಬಂದು ಜಿಗಾನಾ ಇಳಿದು ಇಲ್ಲಿ ಹಡಗು ಹತ್ತುತ್ತಿದ್ದವು. ಜಿನೋವಾ, ವೆನಿಸ್ ವರ್ತಕರು ಇಲ್ಲೇ ಕೋಠಿ ಹಾಕಿಕೊಂಡಿದ್ದರು. ಅರಸನಿಗೆ ಸುಂಕ. ನಮ್ಮ ಗೇರುಸೊಪ್ಪೆಯನ್ನು ನೋಡಿ, ಮೆಣಸಿನ ರಾಣಿ ಚೆನ್ನಭೈರಾದೇವಿಯ ಸೀಮೆ. ಹಿಂದೆ ಘಟ್ಟ, ಮುಂದೆ ಶರಾವತಿ ಮತ್ತು ಕಡಲು, ಘಟ್ಟ ಇಳಿಯುವ ಮೆಣಸು. ಸಣ್ಣ ರಾಜ್ಯ ದೊಡ್ಡವರ ನಡುವೆ ಹೇಗೆ ಬಾಳುತ್ತದೆ ಎಂಬುದಕ್ಕೆ ನನಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಕ್ಕಿಲ್ಲ.

ಬಿದ್ದದ್ದೂ ಇದೇ ಲೆಕ್ಕದಲ್ಲಿ. 1461ರಲ್ಲಿ, ಕಾನ್‌ಸ್ಟಾಂಟಿನೋಪಲ್ ಗೆದ್ದ ತುರ್ಕರ ಸುಲ್ತಾನ ಎರಡನೇ ಮೆಹಮದ್ ಹಡಗುಪಡೆಯನ್ನು ಕಡಲಿನಿಂದ ಕಳಿಸಿ, ತಾನು ಸೈನ್ಯದೊಂದಿಗೆ ಘಟ್ಟದಿಂದ ಇಳಿದ. ಹೆಚ್ಚಿನ ನೆರವು ಬರಬೇಕಿದ್ದದ್ದು ಅಳಿಯ ಉಜುನ್ ಹಸನ್‌ನಿಂದ. ಮೆಹಮದ್ ಮೊದಲೇ ಅವನನ್ನು ಸುಮ್ಮನಾಗಿಸಿದ್ದ. ಎರಡೂ ಬಾಗಿಲು ಒಟ್ಟಿಗೆ ಮುಚ್ಚಿದವು, ಆಗಸ್ಟ್ 15ರಂದು ಕೊನೆಯ ಅರಸ ಡೇವಿಡ್ ಊರು ಒಪ್ಪಿಸಿದ. ಯಲಹಂಕದವರು ಹೇಳಿದ ಬೀಗತನ ನಿಜ, ಆದರೆ ಬೇಕಾದ ದಿನ ಅದು ಒದಗಲಿಲ್ಲ.

ಒಂದು ಮಾತು ಹೇಳದಿದ್ದರೆ ಮನಸ್ಸು ಕೇಳುವುದಿಲ್ಲ. ಮಾಚ್ಕಾ ಕಡೆಯ ಹಳ್ಳಿಯೊಂದರಲ್ಲಿ ಮನೆಯ ಮುಂದೆ ಟಾರ್ಪಾಲ್ ಹಾಸಿ ಹ್ಯಾಜಲ್‌ನಟ್ ಒಣಗಿಸಿದ್ದರು. ಒಬ್ಬ ಅಜ್ಜಿ ತಲೆಗೆ ವಸ್ತ್ರ ಕಟ್ಟಿಕೊಂಡು ಬರಿಗಾಲಲ್ಲಿ ಅದರೊಳಗೆ ಸಾಲು ಎಳೆಯುತ್ತಾ ಮಗುಚುತ್ತಿದ್ದಳು. ಮೋಡ ಕಟ್ಟಿತು. ಮನೆಮಂದಿಯೆಲ್ಲ ಓಡಿ ಬಂದು ನಾಲ್ಕೂ ಮೂಲೆ ಎತ್ತಿ ಮಡಚಿದರು. ನಾನೂ ಒಂದು ಮೂಲೆ ಹಿಡಿದೆ, ಯಾರೂ ಹೇಳಿಕೊಡಬೇಕಾಗಲಿಲ್ಲ. ಅಡಿಕೆ ಅಂಗಳದಲ್ಲಿ ಬೆಳೆದವಳಿಗೆ ಆ ಓಟ ಕಾಲಿಗೇ ಗೊತ್ತು.

ಜೇನು ಸಾಕುವವ, ಕೆಂಗೇರಿ

ಮೇಡಂ ಘಟ್ಟದ ಕಥೆ ಹೇಳಿದ ಮೇಲೆ ಆ ಘಟ್ಟದ ಜೇನಿನ ಕಥೆ ಬಿಟ್ರೆ ಹೇಗೆ? ಕ್ರಿ.ಪೂ. 400ರಲ್ಲಿ ಪರ್ಷಿಯಾದಿಂದ ಹಿಂತಿರುಗ್ತಿದ್ದ ಗ್ರೀಕ್ ಕೂಲಿಸೈನಿಕರು ಈ ಬೆಟ್ಟಗಳ ತುದಿಯಿಂದ ಕಡಲು ಕಂಡು "ಥಲತ್ತಾ, ಥಲತ್ತಾ" ಅಂತ ಕೂಗಿದ್ರು. ಕಡಲು, ಕಡಲು ಅಂತ ಅರ್ಥ. ಜೊತೆಗಿದ್ದ ಕ್ಸೆನೊಫೋನ್ ಇದನ್ನ ಬರೆದಿಟ್ಟಿದ್ದಾನೆ. ಟ್ರಾಬ್ಜೋನ್ ಹತ್ತಿರ ಬಂದಾಗ ಹಳ್ಳಿಗಳಲ್ಲಿ ಸಿಕ್ಕಿದ ಜೇನು ತಿಂದು ಸೈನಿಕರು ವಾಂತಿ, ಭೇದಿಯಾಗಿ ನೆಲ ಹಿಡಿದ್ರು. ಸ್ವಲ್ಪ ತಿಂದವರು ಕುಡಿದವರ ಹಾಗೆ, ಜಾಸ್ತಿ ತಿಂದವರು ಹುಚ್ಚರ ಹಾಗೆ. ಯಾರೂ ಸಾಯಲಿಲ್ಲ, ಮೂರ್ನಾಲ್ಕು ದಿನಕ್ಕೆ ಎದ್ದು ಕೂತ್ರು.

ಕಾರಣ ಅಲ್ಲಿನ ರೋಡೋಡೆಂಡ್ರಾನ್ ಹೂವು. ಅದರ ಮಕರಂದದಲ್ಲಿ ಗ್ರಯಾನೊಟಾಕ್ಸಿನ್ ಅನ್ನೋ ವಿಷ ಇರುತ್ತೆ. ರಕ್ತದೊತ್ತಡ ಇಳಿಯುತ್ತೆ, ಎದೆಬಡಿತ ನಿಧಾನ ಆಗುತ್ತೆ. ಈಗಲೂ ಅಲ್ಲಿ 'ದೆಲಿ ಬಾಲ್', ಅಂದ್ರೆ ಹುಚ್ಚು ಜೇನು, ಅಂತ ಮಾರ್ತಾರೆ, ತಿಂದು ಆಸ್ಪತ್ರೆ ಸೇರೋರೂ ಇದ್ದಾರೆ. ಯಾರಾದ್ರೂ ಆನ್‌ಲೈನಲ್ಲಿ ತರಿಸೋ ಯೋಚನೆ ಮಾಡಿದ್ರೆ ಬೇಡ ಅಂತ ಕೈಮುಗಿದು ಕೇಳ್ಕೋತೀನಿ. ನನ್ನ ನಾಲ್ಕು ತುಡುವೆ ಪೆಟ್ಟಿಗೆಯಲ್ಲೇ ಹೂವು ಬದಲಾದ್ರೆ ಜೇನಿನ ಬಣ್ಣ, ರುಚಿ ಎರಡೂ ಬದಲಾಗುತ್ತೆ. ಹುಳಕ್ಕೆ ಒಗ್ಗಿದ್ದೆಲ್ಲ ನಮಗೂ ಒಗ್ಗುತ್ತೆ ಅಂತ ತಿಳ್ಕೋಬಾರದು.

ಚಿತ್ರದುರ್ಗದವ, ಜಯನಗರ

ಮೇಡಂ, ಭಾನುವಾರದ ಮಾತು ಈಗ ಟ್ರಾಬ್ಜೋನ್ ಬಗ್ಗೆಯೇ ಅಂತ ತೀರ್ಮಾನ ಮಾಡಿದೆ. ಒಂದೇ ಒಂದು ಪ್ರಶ್ನೆ ಉಳೀತು. ಅಲ್ಲಿದ್ದ ಗ್ರೀಕರು ಏನಾದ್ರು?

ಶಿರಸಿ ಕಡೆಯವಳು, ಮಲ್ಲೇಶ್ವರ

1461ರ ಮೇಲೂ ನಾಲ್ಕೂವರೆ ಶತಮಾನ ಅಲ್ಲೇ ಇದ್ದರು. 1923ರಲ್ಲಿ ಗ್ರೀಸ್ ಮತ್ತು ಟರ್ಕಿ ಜನರನ್ನು ಅದಲುಬದಲು ಮಾಡಿಕೊಂಡವು, ಧರ್ಮದ ಲೆಕ್ಕದಲ್ಲಿ. ಕ್ರೈಸ್ತರು ಹೊರಡಬೇಕಾಯಿತು. ಮಾಚ್ಕಾದ ಮೇಲೆ ಕಡಿಬಂಡೆಗೆ ಅಂಟಿಕೊಂಡಂತಿರುವ ಸುಮೇಲಾ ಮಠ ಬರಿದಾಯಿತು. ಹೊರಡುವ ಮುಂಚೆ ಸನ್ಯಾಸಿಗಳು ತಮ್ಮ ಮೇರಿಮಾತೆಯ ಚಿತ್ರಪಟವನ್ನು ಹತ್ತಿರದಲ್ಲೇ ಮಣ್ಣಿನಲ್ಲಿ ಹೂತಿಟ್ಟರು. ಕೆಲವು ವರ್ಷದ ಮೇಲೆ ಅನುಮತಿ ಪಡೆದು ಒಬ್ಬರು ಬಂದು ಅಗೆದು ಗ್ರೀಸಿಗೆ ಒಯ್ದರು. ಆ ಮಠದಲ್ಲಿ ಮತ್ತೆ ಪೂಜೆ ನಡೆದದ್ದು 2010ರ ಆಗಸ್ಟ್ 15ರಂದು, ಎಂಬತ್ತಕ್ಕೂ ಹೆಚ್ಚು ವರ್ಷಗಳ ಮೇಲೆ.

ಮುಸ್ಲಿಮರಾಗಿದ್ದ ಗ್ರೀಕ್ ಭಾಷಿಕರು ಮಾತ್ರ ಉಳಿದರು. ಚೈಕಾರಾ ಕಣಿವೆಯ ಹಳ್ಳಿಗಳಲ್ಲಿ ಇವತ್ತಿಗೂ ವಯಸ್ಸಾದವರು ರೊಮೈಕಾ ಎಂಬ ಗ್ರೀಕ್ ಮಾತಾಡುತ್ತಾರೆ. ಅದಕ್ಕೆ ಲಿಪಿ ಕಲಿಸುವ ಶಾಲೆಯಿಲ್ಲ, ಮನೆಯ ಮಾತು ಅಷ್ಟೇ. ಅಥೆನ್ಸಿನವರು ಎಂದೋ ಬಿಟ್ಟ ಹಳೆಯ ಗ್ರೀಕಿನ ಕ್ರಿಯಾರೂಪ ಅದರಲ್ಲಿ ಉಳಿದಿದೆ. ಘಟ್ಟದ ಸಂದಿಯಲ್ಲಿ ಮಾತು ಹಾಗೆ ಉಳಿಯುತ್ತದೆ. ಹಳಗನ್ನಡದ 'ಆನ್' ಬೆಂಗಳೂರಿನಲ್ಲಿ 'ನಾನು' ಆಗಿ ಎಷ್ಟು ಕಾಲವಾಯಿತು? ಶಿರಸಿಯ ನಮ್ಮ ಹವ್ಯಕರ ಮನೆಯಲ್ಲಿ ಫೋನೆತ್ತಿದರೆ ಅಕ್ಕ ಇವತ್ತಿಗೂ 'ಆನು' ಅಂತಲೇ ಮಾತು ಶುರು ಮಾಡುತ್ತಾಳೆ.

ಭಾನುವಾರ ಎಷ್ಟು ಗಂಟೆಗೆ, ಎಲ್ಲಿ ಅಂತ ಹಾಕಿ. ನಾನು ತೆಗೆದ ಫೋಟೋಗಳಿವೆ, ಮೆಟ್ರೋ ಹತ್ತಿ ತರುತ್ತೇನೆ.