ಆಸರು: ಬಾಯಾರಿಕೆಯಾ, ದಣಿವಾ?

ಒಂದು ಪದದ ಬಗ್ಗೆ ಕೇಳಬೇಕಿತ್ತು. ಪದ ಚಿಕ್ಕದು. ಅದು ತಲೆಗೆ ಹೊಕ್ಕ ಕತೆ ಮಾತ್ರ ಸುಮಾರು 90 ಕಿಲೋಮೀಟರ್ ಉದ್ದ ಇದೆ, ತಡೆದುಕೊಳ್ಳಿ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹವ್ಯಕರ ಮನೆಗೆ ಹೋದವರಿಗೆ ಈ ಮಾತು ಗೊತ್ತಿರುತ್ತದೆ. ಚಪ್ಪಲಿ ಬಿಟ್ಟು ಜಗಲಿ ಹತ್ತುವ ಹೊತ್ತಿಗೇ ಒಳಗಿನಿಂದ ಪ್ರಶ್ನೆ ಬರುತ್ತದೆ: 'ಆಸ್ರಿಗೆ ಎಂತ ಬೇಕು?' ಚಾ, ಕಾಫಿ, ಕಷಾಯ, ಮಜ್ಜಿಗೆ, ಬೆಲ್ಲ-ನೀರು, ಏನು ಬೇಕಾದರೂ ಹೇಳಬಹುದು. ಏನೂ ಬೇಡ ಅಂದರೂ ಏನಾದರೊಂದು ಬರುತ್ತದೆ. ನಾನು ಹುಟ್ಟಿದಾಗಿನಿಂದ ಕೇಳಿದ್ದು ಇದೇ ಮಾತು. ಹಾಗಾಗಿ 'ಆಸ್ರಿಗೆ' ಅಂದರೆ ಕುಡಿಯೋದು ಅಂತಲೇ ನನ್ನ ಲೆಕ್ಕ. 'ಆಸ್ರಿಗೆ ಆತಾ?' ಅಂದರೆ ಚಾ ಆಯ್ತಾ ಅಂತ. ಅಷ್ಟೇ.

ಅದು ಆಸರು + ಇಗೆ, ಅಂದರೆ 'ಆಸರಿಗೆ' ಅನ್ನುವುದು ಗೊತ್ತಿರಲಿಲ್ಲ ಅಂತಲ್ಲ. ಆದರೆ ದಿನಾ ಆಡುವ ಮಾತನ್ನು ಯಾರು ಬಿಡಿಸಿ ನೋಡುತ್ತಾರೆ? ಏನಕ್ಕೋ ಮದ್ದಾಗಿ ಕೊಡುವುದು, ಆ 'ಏನಕ್ಕೋ' ಅನ್ನುವುದೇ ಆಸರು. ಪ್ರತ್ಯಯ ಹಾಗೇ ಅಂಟಿಕೊಂಡು, ಮದ್ದಿಗೇ ಕಾಯಿಲೆಯ ಹೆಸರು ಬಂದುಬಿಟ್ಟಿದೆ.

ಈಗ ಕತೆ. ಕಳೆದ ಡಿಸೆಂಬರಿನಲ್ಲಿ ನನಗೆ ಶಿರಸಿಯಿಂದ ಕಾರವಾರಕ್ಕೆ ಸೈಕಲ್ಲಿನಲ್ಲಿ ಹೋಗುವ ಹುಚ್ಚು ಹಿಡಿಯಿತು. ದೇವಿಮನೆ ಘಟ್ಟ ಇಳಿದು, ದೀವಗಿಯಲ್ಲಿ ಹೆದ್ದಾರಿ ಸೇರಿ, ಅಂಕೋಲೆ ಮೇಲೆ ಕಾರವಾರ. ಸುಮಾರು 120 ಕಿಲೋಮೀಟರ್. ದೂರದ ಸೈಕಲ್ ಸವಾರಿ ಮಾಡುವವರಿಗೆ ಇದು ದೊಡ್ಡದಲ್ಲ. ಅವರ 'ಬ್ರೆವೆ'ಗಳು ಶುರುವಾಗುವುದೇ 200 ಕಿಲೋಮೀಟರಿನಿಂದ, ಅದನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ನನ್ನ ತಯಾರಿ ಏನು ಗೊತ್ತಾ? ಎರಡು ಭಾನುವಾರ ಊರೊಳಗೆ ಸುತ್ತಿದ್ದು, ಒಂದು ಸಲ ಬನವಾಸಿಗೆ ಹೋಗಿ ಬಂದಿದ್ದು. ಹೋಗಿ ಬರುವುದು ಸೇರಿದರೂ 50 ಕಿಲೋಮೀಟರ್ ಆಗುವುದಿಲ್ಲ. ಅದೂ ಹೆಚ್ಚು ಏರಿಲ್ಲದ ರಸ್ತೆ. ಕಾರವಾರಕ್ಕೆ ಹೋಗುವಾಗ ಹೇಗಿದ್ದರೂ ಘಟ್ಟ ಇಳಿಯುವುದೇ ತಾನೇ, ಅರ್ಧ ದಾರಿ ತನ್ನಷ್ಟಕ್ಕೇ ಹೋಗುತ್ತದೆ ಅಂತ ನನ್ನ ಅಂದಾಜು.

(ಸುಮ್ನೆ ಒಂದು ಅಡ್ಡಮಾತು. ತಯಾರಿ, ತರಬೇತಿ, ತಾಲೀಮು, ಕಸರತ್ತು, ಈ ನಾಲ್ಕೂ ಅರಬ್ಬಿಯಿಂದ ಹೊರಟು ನಮ್ಮ ಹತ್ತಿರ ಬಂದವು. ನಮ್ಮದೇ ಆದ 'ಪಳಗು' ಇದೆ, ಆದರೆ ಅದನ್ನು ಆನೆಗೆ, ಎತ್ತಿಗೆ ಬಿಟ್ಟುಕೊಟ್ಟಿದ್ದೇವೆ. ನನ್ನ ಕಾಲು ಪಳಗಿರಲಿಲ್ಲ ಅಂದರೆ ಸರಿಯಾಗಿ ಹೇಳಿದ ಹಾಗಾಗುತ್ತದೆ ಅಲ್ವಾ?)

ಮನೆಯಲ್ಲಿ ಕೇಳಿದ್ದು 'ಸೈಕಲ್ ಹೊಡ್ಕೊಂಡು ಕಾರವಾರಕ್ಕಾ?' ಅಂತ. ಇದನ್ನೂ ಯೋಚಿಸುತ್ತಿದ್ದೆ. ನಮ್ಮಲ್ಲಿ ಸೈಕಲ್ ಹೊಡೆಯುವವರೂ ಇದ್ದಾರೆ, ತುಳಿಯುವವರೂ ಇದ್ದಾರೆ, ಬಿಡುವವರೂ ಇದ್ದಾರೆ. 'ಹೊಡೆ' ಎತ್ತಿನ ಗಾಡಿಯಿಂದ ಬಂದಿರಬೇಕು. ಗಾಡಿ ಹೊಡೆದವರ ಮಕ್ಕಳು ಸೈಕಲ್ಲನ್ನೂ ಹೊಡೆದರು, ಆಮೇಲೆ ಲಾರಿಯನ್ನೂ. ಇದು ನನ್ನ ಊಹೆ. ನನ್ನ ಅನುಭವದಲ್ಲಂತೂ ಸಪಾಟು ರಸ್ತೆಯಲ್ಲಿ ಹೊಡೆಯುವುದು, ಏರಿನಲ್ಲಿ ತುಳಿಯುವುದು. ಏರು ಜಾಸ್ತಿಯಾದರೆ ತಳ್ಳುವುದು.

ಬೆಳಿಗ್ಗೆ ಅವಲಕ್ಕಿ ತಿಂದು ಕತ್ತಲಲ್ಲೇ ಹೊರಟೆ. ಚಳಿ ಇತ್ತು. ಅಮ್ಮಿನಳ್ಳಿ, ರಾಗಿಹೊಸಳ್ಳಿ, ಬಂಡಲ, ಅಲ್ಲಿಯವರೆಗೆ ರಸ್ತೆ ಏರುವುದು, ಇಳಿಯುವುದು. ಖುಷಿಯಾಗಿಯೇ ಹೋದೆ. ದೇವಿಮನೆಯಿಂದ ಇಳಿಯುವಾಗ ಮೊದಲ ಪಾಠ. ತಿರುವು ತಿರುವಿಗೂ ಬ್ರೇಕ್ ಅದುಮಿ ಅದುಮಿ ಕಾಲಿಗಿಂತ ಮೊದಲು ಕೈ ಹೋಯಿತು. ಬೆರಳು ಮಡಚಲು ಬರುತ್ತಿಲ್ಲ, ಬಿಡಿಸಲೂ ಬರುತ್ತಿಲ್ಲ. ಇದಕ್ಕೆ ನಮ್ಮಲ್ಲಿ ಚಂದದ ಮಾತಿದೆ, 'ಕೈ ಸೋತು ಬಂತು'. ಸೋಲು ಅನ್ನುವುದು ಆಟದಲ್ಲಿ, ಚುನಾವಣೆಯಲ್ಲಿ ಮಾತ್ರ ಅಲ್ಲ. ಕೈ ಸೋಲುತ್ತದೆ, ಕಾಲು ಸೋಲುತ್ತದೆ. ಒಂದೊಂದು ಅಂಗ ಒಂದೊಂದಾಗಿ ಸೋಲಬಹುದು, ಉಳಿದ ಮೈ ಚೆನ್ನಾಗಿಯೇ ಇರುತ್ತದೆ.

ಕತಗಾಲ ದಾಟುವ ಹೊತ್ತಿಗೆ ಚಳಿ ಹೋಗಿ ಸೆಕೆ ಶುರುವಾಗಿತ್ತು. ಘಟ್ಟದ ಮೇಲಿನವರಿಗೆ ಕರಾವಳಿಯ ಸೆಕೆ ಡಿಸೆಂಬರಿನಲ್ಲೂ ಸೆಕೆಯೇ. ದೀವಗಿಯಲ್ಲಿ ಬಲಕ್ಕೆ ತಿರುಗಿ, ಅಘನಾಶಿನಿ ಸೇತುವೆ ದಾಟಿ, ಮಿರ್ಜಾನದಲ್ಲಿ ಕೋಟೆ ನೋಡಲು ಕೂಡ ನಿಲ್ಲದೆ ಮುಂದೆ ಹೋದೆ. ಎರಡು ಬಾಟಲಿ ನೀರು ಖಾಲಿ ಆಗಿತ್ತು, ಮತ್ತೆ ತುಂಬಿಸಿದೆ, ಅದೂ ಖಾಲಿ. ಬರೀ ನೀರು. ತಿಂಡಿ ಬೆಳಿಗ್ಗೆಯ ಅವಲಕ್ಕಿಯೊಂದೇ.

ಹಿರೇಗುತ್ತಿ ಹತ್ತಿರ ಏನೋ ಆಯಿತು. ಕಾಲು ನೋಯುತ್ತಿರಲಿಲ್ಲ. ಉಸಿರೂ ಸರಿಯಾಗಿತ್ತು. ಆದರೆ ಪೆಡಲ್ ಮೇಲೆ ಇಟ್ಟ ಕಾಲು ನನ್ನದಲ್ಲ ಅನ್ನಿಸಲು ಶುರುವಾಯಿತು. ಮುಂದೆ ಹೋಗುತ್ತಿದ್ದ ಲಾರಿಯ ಹಿಂದೆ ಬರೆದ ಅಕ್ಷರ ಓದಲು ನೋಡಿದೆ, ಓದಿದ್ದು ತಲೆಗೆ ಹೋಗಲಿಲ್ಲ. ಕನ್ನಡ ಅಕ್ಷರವೇ. ಇಳಿದು ಒಂದು ಗೂಡಂಗಡಿಯ ಎದುರು ಕೂತೆ. ಕೂತೆ ಅನ್ನುವುದು ಮರ್ಯಾದೆಗೆ ಹೇಳಿದ್ದು.

ಅಂಗಡಿಯ ಹೆಂಗಸು ಕೇಳಿದ ಮೊದಲ ಮಾತು 'ಬವಳಿ ಬಂತಾ?' ಬವಳಿ! ಎಷ್ಟು ವರ್ಷ ಆಗಿತ್ತೋ ಈ ಪದ ಕೇಳದೆ. ಈಗ ಎಲ್ಲರೂ 'ತಲೆ ಸುತ್ತು', ಇಲ್ಲವಾದರೆ 'ಚಕ್ಕರ್'. ಆಕೆ ನನ್ನ ಉತ್ತರಕ್ಕೂ ಕಾಯಲಿಲ್ಲ. ಬಿರಿಂಡದ ಶರಬತ್ತು ಕಲಸಿದಳು. ಘಟ್ಟದ ಮೇಲೆ ನಾವು ಮುರುಗಲು ಅನ್ನುತ್ತೇವಲ್ಲ, ಪೇಟೆಯವರು ಕೋಕಂ ಅನ್ನುತ್ತಾರೆ, ಅದೇ ಹಣ್ಣು. ಸಕ್ಕರೆ ಹಾಕಿದಳು, ಆಮೇಲೆ ಚಿಟಿಕೆಯಲ್ಲ, ಎರಡು ಬೆರಳ ತುಂಬ ಉಪ್ಪು ಹಾಕಿದಳು. ನನ್ನ ಅಂಗಿಯ ಬೆನ್ನಿನ ಮೇಲೆ ಬೆವರು ಒಣಗಿ ಬಿಳಿ ಗೆರೆ ಎದ್ದಿತ್ತಂತೆ, ಅದನ್ನು ನೋಡಿಯೇ ಹಾಕಿದ್ದು. ಅಲ್ಲಿಂದ ಸ್ವಲ್ಪ ಮುಂದೆ ಮಾದನಗೇರಿಯಲ್ಲಿ ಗೋಕರ್ಣದ ಕಡೆ ತಿರುಗಿದರೆ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳು. 'ಅಲ್ಲಿಗೆ ಯಾಕೆ ಹೋಗ್ತ್ರಿ, ನಿಮ್ಮ ಬೆನ್ನಿನ ಮೇಲೇ ಬೆಳೆದಿದೆ' ಅಂದಳು.

ಎರಡು ಲೋಟ ಶರಬತ್ತು, ಎರಡು ಬಾಳೆಹಣ್ಣು. ಅರ್ಧ ಗಂಟೆಯಲ್ಲಿ ಲೋಕ ಸರಿಯಾಯಿತು. ಲಾರಿಯ ಅಕ್ಷರ ಓದಲು ಬಂತು.

ಆಗ ಮನೆಗೆ ಫೋನ್ ಮಾಡಿದೆ. 'ಸುಸ್ತಾಯ್ತು' ಅಂದೆ. ಆಚೆಯಿಂದ ಆಯಿ ಕೇಳಿದ್ದು ಒಂದೇ ಮಾತು: 'ಆಸ್ರಿಗೆ ಕುಡದ್ಯಾ?'

ಮೊದಲು ಸಿಟ್ಟು ಬಂತು. ಮಗ ದಾರಿ ಬದಿಯಲ್ಲಿ ಬಿದ್ದಿದ್ದಾನೆ, ಇವಳಿಗೆ ಚಾದ ಚಿಂತೆ ಅಂತ. ಆಮೇಲೆ ಹೊಳೆಯಿತು, ಆಕೆ ಚಾ ಕೇಳಿದ್ದೇ ಅಲ್ಲ. ನಾನು ಸುಸ್ತು ಅಂದೆ, ಆಕೆ ಆಸರು ಅಂದಳು. ಇಬ್ಬರೂ ಒಂದನ್ನೇ ಹೇಳಿದೆವು. ಆಕೆಯ ಮಾತಿನಲ್ಲಿ ಮದ್ದೂ ಸೇರಿತ್ತು.

ಊರಿಗೆ ಬಂದು ನಿಘಂಟು ತೆಗೆದೆ. ಹಳಗನ್ನಡದ 'ಆಸರ್' ಅಂದರೆ ದಣಿ, ಬಳಲು. 1894ರ ಕಿಟೆಲ್ ನಿಘಂಟಿನಲ್ಲೂ ಅದು ದಣಿವೇ. ಜೋಡಿಪದವಾಗಿ 'ಆಸರು ಬೇಸರು' ಅನ್ನುವುದನ್ನು ನೀವೂ ಕೇಳಿರುತ್ತೀರಿ. ಅಲ್ಲಿ ಬೇಸರು ಉಳಿದುಕೊಂಡು ಬೇಸರ ಆಗಿ ಎಲ್ಲರ ಬಾಯಲ್ಲಿದೆ, ಆಸರು ಹಿಂದೆ ಬಿತ್ತು. (ಬೇಸರ ಬೇರೆ, ಬೇಜಾರು ಬೇರೆ. ಬೇಜಾರು ಪಾರ್ಸಿಯದ್ದು. ಅರ್ಥ, ಸದ್ದು ಎರಡೂ ಹತ್ತಿರ ಇರುವುದರಿಂದ ಅಣ್ಣತಮ್ಮಂದಿರು ಅಂದುಕೊಳ್ಳುತ್ತೇವೆ.) ಇನ್ನು 'ಆಸರೆ' ಬೇರೆಯೇ ಪದ, ಸಂಸ್ಕೃತದ ಆಶ್ರಯದಿಂದ ಬಂದದ್ದು. ಆಸರಿಗೆ ಅಂದರೆ ಬಂದವರಿಗೆ ಆಸರೆ ಕೊಡುವುದು ಅಂತ ಒಬ್ಬರು ಭಾಷಣದಲ್ಲಿ ಬಿಡಿಸಿ ಹೇಳಿದ್ದನ್ನು ಕೇಳಿದ್ದೇನೆ. ಚಪ್ಪಾಳೆಯೂ ಬಿತ್ತು. ಆದರೆ ಅದು ಸರಿಯಲ್ಲ.

ನನಗೆ ಹಿಡಿಸಿದ್ದು ಆಸರಿನ ಅರ್ಥ ಹೀಗೆ ಎರಡು ಕಡೆ ಕಾಲಿಟ್ಟು ನಿಂತಿರುವುದು. ನಮ್ಮ ಮನೆಮಾತಿನಲ್ಲಿ ಅದು ಬಾಯಾರಿಕೆಯ ಕಡೆ ವಾಲಿದೆ, ಹಳೆಯ ಪುಸ್ತಕದಲ್ಲಿ ದಣಿವಿನ ಕಡೆ. ಹಿರೇಗುತ್ತಿಗೆ ಹೋಗುವ ಮೊದಲು ಇದು ಅರ್ಥ ಜಾರಿದ್ದು ಅಂತ ಹೇಳುತ್ತಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಬೆವರು ಸುರಿದು ಮೈಯ ನೀರು, ಉಪ್ಪು ಎರಡೂ ಹೋದಾಗ ಬಾಯಾರಿಕೆ ಎಲ್ಲಿ ಮುಗಿಯಿತು, ದಣಿವು ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯಲು ಬರುವುದಿಲ್ಲ. ಬರೀ ನೀರು ಕುಡಿದರೆ ಸಾಲುವುದಿಲ್ಲ, ಇದ್ದ ಉಪ್ಪೂ ತೆಳುವಾಗುತ್ತದೆ. ಗದ್ದೆಯಲ್ಲಿ ಗೇಯ್ದು, ಅಡಿಕೆ ಕೊನೆ ಹೊತ್ತು ಬಂದವರಿಗೆ ಅದು ಗೊತ್ತಿತ್ತು. ಎರಡಕ್ಕೂ ಒಂದೇ ಪದ ಸಾಕಾಗಿತ್ತು.

ಸೈಕಲ್ಲಿನವರು ನನಗೆ ಆದದ್ದಕ್ಕೆ 'ಬಾಂಕ್' ಅನ್ನುತ್ತಾರೆ. ಮಾಂಸಖಂಡ ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಗಂಟೆಗಟ್ಟಲೆ ತುಳಿದಾಗ ಮುಗಿದುಹೋಗುತ್ತದೆ. ಮಿದುಳು ಓಡುವುದೂ ಬಹುಮಟ್ಟಿಗೆ ಸಕ್ಕರೆಯ ಮೇಲೇ, ಅದಕ್ಕೇ ಲಾರಿಯ ಅಕ್ಷರ ಓದಲಾಗದ್ದು. ಇದಕ್ಕೆ ಒಬ್ಬರು 'ಶಕ್ತಿಕುಸಿತ' ಅಂತ ಬರೆದಿದ್ದು ನೋಡಿದೆ. ಷೇರುಪೇಟೆಯ ಸುದ್ದಿಯ ಹಾಗೆ ಕೇಳಿಸುತ್ತದೆ. ನಮ್ಮಲ್ಲಿ 'ನಿತ್ರಾಣ' ಇದೆಯಲ್ಲ? 'ತ್ರಾಣ' ಸಂಸ್ಕೃತದಲ್ಲಿ ಕಾಪಾಡುವುದು. ಕನ್ನಡಕ್ಕೆ ಬಂದು ಮೈಯ ಕಸುವಾಯಿತು, ಮರಾಠಿಯಲ್ಲೂ ಹಾಗೇ. 'ತ್ರಾಣ ಇಲ್ಲ' ಅಂದರೆ ನೋವಲ್ಲ, ಆಲಸ್ಯವಲ್ಲ, ಒಳಗೆ ಉರಿಯಲು ಏನೂ ಉಳಿದಿಲ್ಲ ಅಂತ. ನನ್ನ ಮತ ಇದಕ್ಕೇ. 'ಸುಸ್ತು' ಇಲ್ಲಿ ಸಾಲದು. ಹಿಂದಿ, ಉರ್ದುವಿನಲ್ಲಿ ಸುಸ್ತು ಅಂದರೆ ನಿಧಾನಿ, ಸೋಮಾರಿ. ನಾವು ಅದನ್ನು ತಂದು ದುಡಿದು ದಣಿದವನ ತಲೆಗೆ ಕಟ್ಟಿದೆವು.

ಆಮೇಲೇನಾಯಿತು ಅಂತ ಕೇಳುವವರಿಗೆ: ಅಂಕೋಲೆಯವರೆಗೆ ಹೋದೆ. ಅಲ್ಲಿ ಬಲ ಮೊಣಕಾಲು ಮಾತು ಕೇಳಲಿಲ್ಲ. ಇದು ಆಸರಲ್ಲ, ನಿತ್ರಾಣವೂ ಅಲ್ಲ, ಯಾವ ಶರಬತ್ತಿಗೂ ಬಗ್ಗದ್ದು. ಪಳಗದ ಕಾಲು. ಕಾರವಾರ ಇನ್ನೂ 35 ಕಿಲೋಮೀಟರ್, ಮಧ್ಯೆ ಬಿಣಗಾ ಘಟ್ಟ ಬೇರೆ. ಒಂದು ಪಿಕಪ್ ಗಾಡಿಯಲ್ಲಿ ಸೈಕಲ್ ಹಾಕಿಕೊಂಡು, ಮೀನಿನ ಖಾಲಿ ಬುಟ್ಟಿಗಳ ಮಧ್ಯೆ ಕೂತು ಕಾರವಾರ ನೋಡಿದೆ. ಗಾಡಿಯವನು ಕೊಂಕಣಿಯಲ್ಲಿ 'ತಾನ್' ಅಂತ ಏನೋ ಕೇಳಿ ಬಾಟಲಿ ಚಾಚಿದ. ತಾನ್ ಅಂದರೆ ಬಾಯಾರಿಕೆ. ಬರೀ ಬಾಯಾರಿಕೆ, ದಣಿವು ಅದರಲ್ಲಿ ಸೇರಿಲ್ಲ ಅಂದುಕೊಂಡಿದ್ದೇನೆ. ತಪ್ಪಿದ್ದರೆ ಕಾರವಾರದವರು ತಿದ್ದಿ.

ಈಗ ನನ್ನ ಪ್ರಶ್ನೆ. 'ಆಸರು' ಅನ್ನುವುದನ್ನು 'ಇಗೆ' ಇಲ್ಲದೆ, ಬಿಡಿಯಾಗಿ, ಯಾರಾದರೂ ಈಗಲೂ ಆಡುತ್ತಾರಾ? 'ನನಗೆ ಆಸರಾಗಿದೆ' ಅಂತ ಬಾಯಾರಿದವರು ಹೇಳುವುದನ್ನು ಕೇಳಿದ್ದೀರಾ, ಅಥವಾ ದಣಿದವರು? ನಮ್ಮ ಮನೆಯಲ್ಲಿ ಬಿಡಿ ರೂಪ ನಾನು ಕೇಳಿಲ್ಲ. ಆಯಿಯನ್ನು ಕೇಳಿದರೆ 'ಆಸ್ರು ಅಂದ್ರೆ ಆಸ್ರು, ಅದ್ರಲ್ಲಿ ಎಂತ ಕೇಳದು' ಅಂದಳು. ಮುಂಡಗೋಡ, ಹಳಿಯಾಳದ ಕಡೆ ಹೋದರೆ ಎಲ್ಲ 'ನೀರಡಿಕೆ' ಆಗಿಬಿಡುತ್ತದೆ, ಅಲ್ಲಿ ಆಸರು ಸಿಗಲಿಕ್ಕಿಲ್ಲ. ಕೆಳಗೆ ಹೊನ್ನಾವರ, ಭಟ್ಕಳ, ಕುಂದಾಪುರದವರು, ತುಳು ಆಡುವವರು, ನಾಡವರು, ಹಾಲಕ್ಕಿಗಳು ಏನನ್ನುತ್ತಾರೆ? ಹವ್ಯಕರಲ್ಲದವರ ಮನೆಯಲ್ಲಿ ಈ ಪದ ಇದೆಯಾ ಅನ್ನುವುದು ನನಗೆ ಮುಖ್ಯ. ಹಿರೇಗುತ್ತಿಯ ಆ ಹೆಂಗಸು ಆಸರು ಅನ್ನಲಿಲ್ಲ, ಬವಳಿ ಅಂದಳು. ಮಾಡಿಕೊಟ್ಟದ್ದು ಮಾತ್ರ ಆಸ್ರಿಗೆಯನ್ನೇ.

ನಿಮ್ಮ ಊರು, ಯಾರ ಬಾಯಲ್ಲಿ ಕೇಳಿದ್ದು, ಪೂರ್ತಿ ವಾಕ್ಯ, ಇಷ್ಟು ಬರೆದರೆ ಉಪಕಾರ. ಫೆಬ್ರವರಿಯಲ್ಲಿ ಅದೇ ದಾರಿಯಲ್ಲಿ ಇನ್ನೊಮ್ಮೆ ಹೊರಡುವವನಿದ್ದೇನೆ. ಈ ಸಲ ಅಂಗಡಿ ಅಂಗಡಿಯಲ್ಲೂ ನಿಂತು ಕೇಳಿಕೊಂಡೇ ಹೋಗುತ್ತೇನೆ.